ಊರಿಗೆಲ್ಲಾ ಒಂದೇ ಬಚ್ಚಲುಮನೆ!

ಒಂದೇ ಹೊತ್ತಿಗೆ 1600 ಜನ ಸ್ನಾನ ಮಾಡಬಹುದಾದ ಬಚ್ಚಲುಮನೆ! ಕೇಳಿದರೆ ನಗು ಬರುತ್ತದೆ, ಅಲ್ಲವೇ? ನಮ್ಮ ಮನೆಗಳಿಗೆ ಹಬ್ಬಕ್ಕೆಂದು ಹತ್ತು ಜನ ನೆಂಟರು ಬಂದರೆ ಸಾಕು, ಬೆಳಗಿನ ಹೊತ್ತು ಬಚ್ಚಲ ಬಾಗಿಲ ಮುಂದೆ ಹೆಗಲ ಮೇಲೆ ಟವೆಲು ಹಾಕಿಕೊಂಡವರ ಸಾಲು ನಿಂತಿರುತ್ತದೆ. ಎಲ್ಲರದೂ ಆದ ಮೇಲೆ ಕೊನೆಗೆ ಒಳಗೆ ಹೋಗುವ ಮನೆಯಾಕೆಗೆ ಉಳಿದ ಉಗುರುಬೆಚ್ಚನೆಯ ನೀರೇ ಗತಿ. ಅಂಥದ್ದರಲ್ಲಿ 1600 ಜನ! ಆದರೆ ಇದು ಕಟ್ಟುಕಥೆಯಲ್ಲ. ಇಟಲಿಯ ರೋಮ್ ನಗರದಲ್ಲಿ ಕ್ರಿ.ಶ. 216ರಲ್ಲಿ ಬಾಗಿಲು ತೆರೆದ ಕ್ಯಾರಕಲ್ಲಾ ಚಕ್ರವರ್ತಿಯ ಸ್ನಾನಗೃಹದಲ್ಲಿ ಅಷ್ಟು ಆಸನಗಳಿದ್ದವೆಂದು ಐದನೆಯ ಶತಮಾನದ ಬರಹಗಾರನೊಬ್ಬ ಬರೆದಿಟ್ಟಿದ್ದಾನೆ. ಅದರ ಗೋಡೆಗಳು ಇಂದಿಗೂ ನಿಂತಿವೆ. ಜನ ಟಿಕೆಟ್ಟು ಕೊಂಡು ಹೋಗಿ ನೋಡಿ ಬರುತ್ತಾರೆ.

ಈ ಸ್ನಾನಗೃಹಗಳ ಬಗ್ಗೆ ಬರೆದವರು ಹೆಚ್ಚಾಗಿ ಹೊಗಳುವುದು ಅಮೃತಶಿಲೆಯನ್ನು, ಕಂಬಗಳನ್ನು, ಗುಮ್ಮಟಗಳನ್ನು. ಹೊಗಳಲಿ, ತಪ್ಪೇನಿಲ್ಲ. ಆದರೆ ಬೆಳಗಾಗೆದ್ದು ಬಚ್ಚಲೊಲೆಗೆ ಉರಿ ಹಾಕಿ ಗೊತ್ತಿರುವವರಿಗೆ ಮೊದಲು ಹೊಳೆಯುವ ಪ್ರಶ್ನೆಗಳೇ ಬೇರೆ. ಒಲೆ ಎಲ್ಲಿತ್ತು? ಹೊಗೆ ಎಲ್ಲಿಂದ ಹೋಗುತ್ತಿತ್ತು? ಸೌದೆ ಹೊತ್ತವರು ಯಾರು? ಹೆಂಗಸರಿಗೆ ಅಲ್ಲಿ ಜಾಗವಿತ್ತೇ, ಇದ್ದರೆ ಎಷ್ಟು ಹೊತ್ತಿಗೆ, ಎಷ್ಟು ಕಾಸಿಗೆ? ಇವನ್ನೆಲ್ಲ ಕೇಳುತ್ತಾ ಹೋದರೆ ಆ ಹಾಳುಗೋಡೆಗಳ ಸಂದಿನಲ್ಲಿ ನಮಗೆ ಗುರುತು ಸಿಗುವಂಥ ಎಷ್ಟೋ ಸಂಗತಿಗಳು ಕಾಣಿಸುತ್ತವೆ.

ಸ್ನಾನಕ್ಕೆ ಹೊರಟ ಊರು

ರೋಮಿನ ಸಾಮಾನ್ಯ ಜನ ಬಾಳಿದ್ದು ಅಂತಸ್ತಿನ ಮೇಲೆ ಅಂತಸ್ತು ಕಟ್ಟಿದ ವಠಾರಗಳಲ್ಲಿ. ಮೇಲಿನ ಮನೆಗಳಿಗೆ ನೀರಿನ ಕೊಳಾಯಿ ಇಲ್ಲ. ಬೀದಿಯ ತೊಟ್ಟಿಯಿಂದ ಹೊತ್ತು ತರಬೇಕು. ಅಂಥ ಗೂಡಿನಲ್ಲಿ ಸ್ನಾನಕ್ಕೆಂದು ಒಲೆ ಉರಿಸಿದರೆ ವಠಾರಕ್ಕೇ ಬೆಂಕಿ ಹತ್ತುವ ಭಯ. ಹಾಗಾಗಿ ಊರಿಗೆಲ್ಲಾ ಒಂದು ಬಚ್ಚಲುಮನೆ ಎನ್ನುವುದು ಬರೀ ಷೋಕಿಯಾಗಿರಲಿಲ್ಲ. ಕ್ರಿ.ಪೂ. 33ರಲ್ಲಿ ಅಗ್ರಿಪ್ಪ ಎಂಬ ಅಧಿಕಾರಿ 170 ಸ್ನಾನಗೃಹಗಳಲ್ಲಿ ಜನರಿಗೆ ಪುಕ್ಕಟೆ ಸ್ನಾನ ಮಾಡಿಸಿದನಂತೆ. ಕ್ರಿ.ಶ. ನಾಲ್ಕನೆಯ ಶತಮಾನದ ಪಟ್ಟಿಯೊಂದರಲ್ಲಿ ನಗರದ ಚಿಕ್ಕಪುಟ್ಟ ಸ್ನಾನಗೃಹಗಳ ಲೆಕ್ಕ 856. ಚಕ್ರವರ್ತಿಗಳೂ ಅವರ ಕಡೆಯವರೂ ಕಟ್ಟಿಸಿದ ದೊಡ್ಡವು ಬೇರೆ, ಅವು 11. ರೋಮಿನಲ್ಲಿ ಗಂಡಸರಿಗೆ ವಾಡಿಕೆಯ ದರ ಒಂದು ಕ್ವಾಡ್ರನ್ಸ್. ಆಗಿನ ನಾಣ್ಯಗಳಲ್ಲೆಲ್ಲ ಚಿಕ್ಕ ಕಾಸು ಅದು.

ಮಧ್ಯಾಹ್ನ ಕಳೆದು ಗಂಟೆ ಬಾರಿಸಿದರೆ ಜನ ಎಣ್ಣೆ ಬುಡ್ಡಿ ಹಿಡಿದು ಹೊರಡುತ್ತಿದ್ದರು. ಮೊದಲು ಬಟ್ಟೆ ಕಳಚಿಡುವ ಕೋಣೆ. ಗೋಡೆಯುದ್ದಕ್ಕೂ ಸಾಲಾಗಿ ಗೂಡುಗಳು. ಆಮೇಲೆ ಮೈಗೆ ಆಲಿವ್ ಎಣ್ಣೆ. ಎಣ್ಣೆ ಹಚ್ಚಿಕೊಂಡು ಅಂಗಳದಲ್ಲಿ ಚೆಂಡಾಟ, ಕುಸ್ತಿ, ಓಟ. ಬೆವರು ಕಿತ್ತ ಮೇಲೆ ಬೆಚ್ಚನೆಯ ಕೋಣೆ, ಅಲ್ಲಿಂದ ಬಿಸಿ ಕೋಣೆ, ಕೊನೆಗೆ ತಣ್ಣೀರಿನಲ್ಲಿ ಒಂದು ಮುಳುಗು. ಟೆಪಿಡೇರಿಯಂ, ಕ್ಯಾಲ್ಡೇರಿಯಂ, ಫ್ರಿಜಿಡೇರಿಯಂ ಎಂದು ಈ ಮೂರು ಕೋಣೆಗಳ ಹೆಸರು. ಫ್ರಿಜಿಡೇರಿಯಂ ಅಂದರೆ ಗಾಬರಿಯಾಗಬೇಡಿ. ನಮ್ಮ ಅಡಿಗೆಮನೆಯ ಮೂಲೆಯಲ್ಲಿ ನಿಂತಿರುವ ಫ್ರಿಜ್ಜೂ ಅದೇ ‘ತಂಪು’ ಎನ್ನುವ ಲ್ಯಾಟಿನ್ ಪದದ ಮೊಮ್ಮಗಳು.

ಎಣ್ಣೆ ಹಚ್ಚಿದ ಮೇಲೆ ಇಳಿಸುವುದು ಹೇಗೆ? ನಾವಾದರೆ ಸೀಗೆಪುಡಿ, ಕಡಲೆಹಿಟ್ಟು ಹುಡುಕುತ್ತೇವೆ. ಅವರ ಸ್ನಾನದಲ್ಲಿ ಸಾಬೂನಿಗೆ ಜಾಗವಿರಲಿಲ್ಲ. ಸ್ಟ್ರಿಜಿಲ್ ಎಂಬ, ಕುಡುಗೋಲಿನ ಹಾಗೆ ಬಾಗಿದ ಲೋಹದ ಪಟ್ಟಿಯಿಂದ ಎಣ್ಣೆ, ಬೆವರು, ಕೊಳೆ ಎಲ್ಲವನ್ನೂ ಒಟ್ಟಿಗೆ ಮೈಯಿಂದ ಹೆರೆದು ತೆಗೆಯುತ್ತಿದ್ದರು. ಕಾವಲಿಗೆ ಅಂಟಿದ ಹಿಟ್ಟನ್ನು ಸಟ್ಟುಗದಿಂದ ಎಬ್ಬಿಸಿದ ಹಾಗೆ ಅನ್ನಿ! ಬೆನ್ನಿಗೆ ಮಾತ್ರ ಇನ್ನೊಬ್ಬರ ಕೈ ಬೇಕು. ಇದರ ಮೇಲೆ ಹೇಡ್ರಿಯನ್ ಚಕ್ರವರ್ತಿಯ ಒಂದು ಕಥೆಯಿದೆ. ಅವನು ಪ್ರಜೆಗಳ ಜೊತೆಗೇ ಮೀಯುತ್ತಿದ್ದನಂತೆ. ಒಂದು ದಿನ ಮುದಿ ಸಿಪಾಯಿಯೊಬ್ಬ ಗೋಡೆಗೆ ಬೆನ್ನು ಉಜ್ಜಿಕೊಳ್ಳುವುದನ್ನು ಕಂಡು ಯಾಕೆಂದು ಕೇಳಿದ. ಬೆನ್ನು ತಿಕ್ಕಲು ಆಳಿಲ್ಲ ಸ್ವಾಮಿ ಎಂದ ಸಿಪಾಯಿ. ಚಕ್ರವರ್ತಿ ಮನಸ್ಸು ಕರಗಿ ಅವನಿಗೆ ಗುಲಾಮರನ್ನೂ ಅವರನ್ನು ಸಾಕಲು ಹಣವನ್ನೂ ಕೊಟ್ಟ. ಮತ್ತೊಂದು ದಿನ ಹೋಗಿ ನೋಡುತ್ತಾನೆ, ಮುದುಕರ ಹಿಂಡೇ ಗೋಡೆಗೆ ಬೆನ್ನು ಉಜ್ಜುತ್ತಾ ನಿಂತಿದೆ! ಎಲ್ಲರನ್ನೂ ಕರೆದು, ಒಬ್ಬರ ಬೆನ್ನು ಒಬ್ಬರು ತಿಕ್ಕಿಕೊಳ್ಳಿ ಎಂದು ಹೇಳಿ ಹೊರಟುಹೋದನಂತೆ. ಜಾಣ.

ಗಲಾಟೆಗೇನೂ ಕೊರತೆಯಿರಲಿಲ್ಲ. ಸೆನೆಕ ಎಂಬ ಪಂಡಿತ ಒಮ್ಮೆ ಸ್ನಾನಗೃಹದ ಮೇಲಿನ ಬಾಡಿಗೆ ಕೋಣೆಯಲ್ಲಿದ್ದುಕೊಂಡು ಗೆಳೆಯನಿಗೆ ಕಾಗದ ಬರೆದಿದ್ದಾನೆ. ಭಾರ ಎತ್ತುವವರ ಏದುಸಿರು, ಮೈ ನೀವುವವರ ಕೈಯ ಚಟಪಟ, ಕೊಳಕ್ಕೆ ದುಡುಮ್ಮನೆ ಹಾರುವವರು, ಮೈಯ ಕೂದಲು ಕೀಳುವವನ ಕೀಚಲು ಕೂಗು, ಸಾಸೇಜು ಮಾರುವವರ ರಾಗ. ಎಲ್ಲವನ್ನೂ ಪಟ್ಟಿ ಮಾಡಿದ್ದಾನೆ. ಅದೇ ಸೆನೆಕ ಇನ್ನೊಂದು ಕಾಗದದಲ್ಲಿ, ಹಿಂದಿನ ಕಾಲದವರು ದಿನಾ ಕೈಕಾಲು ತೊಳೆದುಕೊಂಡು, ತುಂಬು ಸ್ನಾನವನ್ನು ಸಂತೆಯ ದಿನಕ್ಕೆ ಮಾತ್ರ ಇಟ್ಟುಕೊಂಡಿದ್ದರೆಂದು ಹೇಳುತ್ತಾನೆ. ಈಗಿನವರ ಷೋಕಿ ಅತಿಯಾಯಿತು ಎಂಬುದು ಅವನ ದೂರು. ಎರಡು ಸಾವಿರ ವರ್ಷದ ಹಿಂದೆಯೂ ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎನ್ನುವವರಿದ್ದರು ನೋಡಿ!

ನೆಲದಡಿಯ ಒಲೆ

ಇನ್ನು ಒಲೆಯ ವಿಚಾರಕ್ಕೆ ಬರೋಣ. ರೋಮನ್ನರ ಜಾಣತನವೆಲ್ಲ ಇರುವುದು ಇಲ್ಲೇ. ಅವರು ನೀರನ್ನಷ್ಟೇ ಕಾಯಿಸಲಿಲ್ಲ, ಇಡೀ ಕೋಣೆಯನ್ನೇ ಕಾಯಿಸಿದರು. ಅದೂ ಒಳಗೆ ಒಂದು ಎಳೆ ಹೊಗೆ ಬಾರದಂತೆ.

ಹೇಗೆಂದರೆ, ಕೋಣೆಯ ನೆಲವನ್ನು ಮಣ್ಣಿನ ಮೇಲೆ ಹಾಸುತ್ತಿರಲಿಲ್ಲ. ಮೊದಲು ಕೆಳಗೊಂದು ನೆಲ. ಅದರ ಮೇಲೆ ಚಿಕ್ಕ ಚಿಕ್ಕ ಇಟ್ಟಿಗೆ ಕಂಬಗಳ ಸಾಲು, ಹತ್ತಿರ ಹತ್ತಿರ. ಆ ಕಂಬಗಳ ತಲೆಯ ಮೇಲೆ ಅಗಲವಾದ ಇಟ್ಟಿಗೆ ಹಲಗೆಗಳು, ಅದರ ಮೇಲೆ ಗಾರೆ, ಅದರ ಮೇಲೆ ಕಲ್ಲುಹಾಸು. ಹೀಗೆ ಎರಡು ನೆಲಗಳ ನಡುವೆ ಮಂಡಿಯೆತ್ತರಕ್ಕಿಂತ ಸ್ವಲ್ಪ ಹೆಚ್ಚು ಟೊಳ್ಳು ಜಾಗ ಉಳಿಯುತ್ತದೆ. ಹೊರಗೋಡೆಯ ಆಚೆ ಒಲೆಯ ಬಾಯಿ. ಅಲ್ಲಿ ಸೌದೆ ಉರಿಸಿದರೆ ಬಿಸಿಗಾಳಿಯೂ ಹೊಗೆಯೂ ಈ ಟೊಳ್ಳಿನೊಳಗೆ ಹರಿದಾಡಿ, ಗೋಡೆಯೊಳಗೆ ಕೂರಿಸಿದ ಪೊಳ್ಳು ಹಂಚುಗಳ ಮೂಲಕ ಮೇಲೇರಿ ಹೊರಗೆ ಹೋಗುತ್ತವೆ. ನೆಲವೂ ಬಿಸಿ, ಗೋಡೆಯೂ ಬಿಸಿ. ಕಾಲು ಸುಡದಿರಲೆಂದು ದಪ್ಪ ಅಟ್ಟೆಯ ಮೆಟ್ಟು ಹಾಕಿಕೊಂಡೇ ಓಡಾಡಬೇಕಿತ್ತು. ಅಲ್ಜೀರಿಯದ ತಿಮ್‌ಗಾಡ್‌ನ ರೋಮನ್ ಸ್ನಾನಗೃಹವೊಂದರ ನೆಲದಲ್ಲಿ ಬಣ್ಣದ ಕಲ್ಲು ಕೂರಿಸಿ ಬಿಡಿಸಿದ ಒಂದು ಜೊತೆ ಮೆಟ್ಟಿನ ಚಿತ್ರ ಸಿಕ್ಕಿದೆ. ಚೆನ್ನಾಗಿ ಮೀಯಿರಿ ಎಂಬ ಹಾರೈಕೆಯೂ ಅದರ ಜೊತೆಗಿದೆ.

ಕ್ರಿ.ಪೂ. ಮೊದಲನೆಯ ಶತಮಾನದಲ್ಲಿ ವಿಟ್ರೂವಿಯಸ್ ಎಂಬವನು ಕಟ್ಟಡ ಕಟ್ಟುವುದರ ಬಗ್ಗೆ ಹತ್ತು ಭಾಗಗಳ ಗ್ರಂಥ ಬರೆದ. ಅದರಲ್ಲಿ ಸ್ನಾನಗೃಹದ ಒಲೆಯನ್ನು ವಿವರಿಸುವ ರೀತಿ ನೋಡಿದರೆ, ಇವನು ಯಾವುದೋ ಮನೆಯಾಕೆಯ ಪಕ್ಕ ಕೂತು ಕೇಳಿ ಬರೆದನೋ ಎನಿಸುತ್ತದೆ. ಕಂಬಗಳು ಎರಡಡಿ ಎತ್ತರವಿರಲಿ, ಇಟ್ಟಿಗೆಗಳನ್ನು ಕೂದಲು ಬೆರೆಸಿ ಕಲಸಿದ ಜೇಡಿಮಣ್ಣಿನಿಂದ ಜೋಡಿಸಿ ಅನ್ನುತ್ತಾನೆ. ಕೆಳಗಿನ ನೆಲ ಒಲೆಯ ಬಾಯಿಯ ಕಡೆಗೆ ಇಳಿಜಾರಾಗಿರಬೇಕು. ಎಷ್ಟು ಇಳಿಜಾರು? ಒಳಗೆ ಒಂದು ಚೆಂಡು ಎಸೆದರೆ ಅದು ಅಲ್ಲಿ ನಿಲ್ಲದೆ ತಾನಾಗಿ ಉರುಳಿಕೊಂಡು ಒಲೆಯ ಬಾಯಿಗೆ ವಾಪಸು ಬರಬೇಕು, ಅಷ್ಟು. ಹಾಗಿದ್ದರೆ ಉರಿ ಸಲೀಸಾಗಿ ನೆಲದಡಿಯಲ್ಲೆಲ್ಲಾ ಹರಡುತ್ತದೆ. ಅಳತೆಪಟ್ಟಿ ಬೇಡದ ಪರೀಕ್ಷೆ!

ನನಗೆ ಇದಕ್ಕಿಂತ ಹಿಡಿಸಿದ್ದು ಅವನ ಮೂರು ಹಂಡೆಗಳ ಏರ್ಪಾಡು. ಒಲೆಯ ಮೇಲೆ ಮೂರು ಕಂಚಿನ ಹಂಡೆ ಕೂರಿಸಿ ಎನ್ನುತ್ತಾನೆ. ಒಂದರಲ್ಲಿ ಬಿಸಿನೀರು, ಒಂದರಲ್ಲಿ ಬೆಚ್ಚನೆಯದು, ಒಂದರಲ್ಲಿ ತಣ್ಣೀರು. ಬಿಸಿ ಹಂಡೆಯಿಂದ ಎಷ್ಟು ನೀರು ಖರ್ಚಾಯಿತೋ ಅಷ್ಟು ನೀರು ಬೆಚ್ಚನೆಯ ಹಂಡೆಯಿಂದ ಅದಕ್ಕೆ ಹರಿದು ಬರುತ್ತದೆ. ಬೆಚ್ಚನೆಯದಕ್ಕೆ ತಣ್ಣೀರಿನ ಹಂಡೆಯಿಂದ. ಕುದಿಯುವ ಹಂಡೆಗೆ ಒಮ್ಮೆಲೇ ತಣ್ಣೀರು ಸುರಿದು ಎಲ್ಲವನ್ನೂ ತಣ್ಣಗೆ ಮಾಡಿಕೊಳ್ಳುವ ಪ್ರಮೇಯವೇ ಇಲ್ಲ. ಬಚ್ಚಲಲ್ಲಿ ಹಂಡೆ ಇದ್ದ ಕಾಲದವರಿಗೆ ಇದರ ಬೆಲೆ ಗೊತ್ತು. ಒಂದು ಬಕೆಟ್ ಬಿಸಿನೀರು ತೋಡಿಕೊಂಡವರು ಒಂದು ಬಕೆಟ್ ತಣ್ಣೀರು ತುಂಬಿಸಿ ಬರಬೇಕೆಂಬ ಕಟ್ಟಳೆಯೂ, ಹಿಂದೆ ಹೋದವರಿಗೆ ಅದರಿಂದಾಗುತ್ತಿದ್ದ ಅನ್ಯಾಯವೂ!

ಸೌದೆ ಉಳಿಸುವ ಉಪಾಯವನ್ನೂ ಅವನು ಬಿಟ್ಟಿಲ್ಲ. ಹೆಂಗಸರ ಬಿಸಿ ಕೋಣೆಯನ್ನೂ ಗಂಡಸರ ಬಿಸಿ ಕೋಣೆಯನ್ನೂ ಅಕ್ಕಪಕ್ಕ ಕಟ್ಟಿದರೆ ನಡುವೆ ಒಂದೇ ಒಲೆ ಸಾಕು. ಬಿಸಿ ಕೋಣೆಗಳು ನೈಋತ್ಯಕ್ಕೆ, ಆಗದಿದ್ದರೆ ದಕ್ಷಿಣಕ್ಕೆ ಮುಖ ಮಾಡಿರಲಿ, ಯಾಕೆಂದರೆ ಜನ ಮೀಯುವುದು ಮಧ್ಯಾಹ್ನದಿಂದ ಸಂಜೆಯವರೆಗೆ, ಆ ಹೊತ್ತಿನ ಬಿಸಿಲೂ ಉಪಯೋಗಕ್ಕೆ ಬರಲಿ. ನಾವು ಈಗ ಮಾಳಿಗೆಯ ಮೇಲೆ ಸೋಲಾರ್ ಹೀಟರು ಕೂರಿಸುವವನೊಡನೆ ದಿಕ್ಕಿನ ಬಗ್ಗೆ ಚರ್ಚೆ ಮಾಡುತ್ತೇವಲ್ಲ, ಹಾಗೆ.

ಕ್ಯಾರಕಲ್ಲಾನ ಕಟ್ಟಡದಲ್ಲಿ ಇದೇ ಲೆಕ್ಕಾಚಾರ ಬೆಟ್ಟದಷ್ಟು ಬೆಳೆಯಿತು. ನಡುವಿನ ಕಟ್ಟಡವೊಂದೇ 200 ಮೀಟರಿಗಿಂತ ಉದ್ದ, 100 ಮೀಟರಿಗಿಂತ ಅಗಲ. ನೈಋತ್ಯಕ್ಕೆ ಚಾಚಿಕೊಂಡ ದುಂಡನೆಯ ಬಿಸಿ ಕೋಣೆಯ ಮೇಲೆ ಸುಮಾರು 35 ಮೀಟರ್ ಅಗಲದ ಗುಮ್ಮಟ. ಕಬ್ಬಿಣದ ಸರಳಿಲ್ಲದ ಕಾಲದಲ್ಲಿ ಇದು ನಿಂತಿದ್ದು ಸುಣ್ಣಕ್ಕೆ ಜ್ವಾಲಾಮುಖಿಯ ಬೂದಿ ಬೆರೆಸಿ ಮಾಡಿದ ಗಟ್ಟಿ ಗಾರೆಯ ಬಲದಿಂದ. ನೀರು ಬಂದಿದ್ದು ಅಕ್ವಾ ಮಾರ್ಸಿಯಾ ಎಂಬ ಕಾಲುವೆಯ ಕವಲಿನಿಂದ. 91 ಕಿಲೋಮೀಟರ್ ಉದ್ದದ ಆ ಕಾಲುವೆ ಬಹುಪಾಲು ನೆಲದಡಿಯಲ್ಲೇ ಹರಿದು ಊರ ಹತ್ತಿರ ಕಮಾನುಗಳ ಮೇಲೆ ಬರುತ್ತಿತ್ತು. ಈಜುಕೊಳ, ಗ್ರಂಥಾಲಯ, ತೋಟ, ವಿಗ್ರಹಗಳು, ಎಲ್ಲವೂ ಇದ್ದವು. ಪ್ರಜೆಗಳಿಗೆ ಇಷ್ಟು ಸುಖದ ಮನೆ ಕಟ್ಟಿಸಿದ ಈ ಪುಣ್ಯಾತ್ಮ ತನ್ನ ಸ್ವಂತ ಮನೆಯಲ್ಲಿ ಮಾಡಿದ್ದೇನು ಗೊತ್ತೇ? ಕ್ರಿ.ಶ. 211ರಲ್ಲಿ ತಮ್ಮ ಗೇಟಾನನ್ನು ಕೊಲ್ಲಿಸಿದ. ತಾಯಿ ಜೂಲಿಯಾ ದೋಮ್ನಾಳ ತೋಳುಗಳಲ್ಲೇ ಆ ಮಗನ ಪ್ರಾಣ ಹೋಯಿತೆಂದು ಚರಿತ್ರೆ ಹೇಳುತ್ತದೆ. ಸ್ನಾನಗೃಹ ತೆರೆದ ಮರುವರ್ಷ ಇವನೂ ಕೊಲೆಯಾದ.

ಉರಿ ಹಾಕಿದ ಕೈಗಳು

ಈ ಕಟ್ಟಡದ ಕೆಳಗೆ ಇನ್ನೊಂದು ಲೋಕವಿದೆ. ಗಾಡಿಗಳು ಓಡಾಡುವಷ್ಟು ಅಗಲದ ಸುರಂಗಗಳು. ಸೌದೆ ಒಟ್ಟುವುದು ಅಲ್ಲೇ, ಸುಮಾರು 50 ಒಲೆಗಳಿಗೆ ಸೌದೆ ಸಾಗಿಸುವುದೂ ಅಲ್ಲಿಂದಲೇ. ದಿನಕ್ಕೆ ಟನ್ನುಗಟ್ಟಲೆ ಸೌದೆ ಉರಿಯಬೇಕು. ಮೇಲೆ ಅಮೃತಶಿಲೆಯ ಮೇಲೆ ನಡೆಯುವವರಿಗೆ ಕೆಳಗಿನ ಮಸಿ, ಬೂದಿ, ಬೆವರು ಒಂದೂ ಕಾಣುವುದಿಲ್ಲ. ಕಾಣಬಾರದೆಂದೇ ಹಾಗೆ ಕಟ್ಟಿದ್ದು.

ಉರಿ ಹಾಕುತ್ತಿದ್ದವರಲ್ಲಿ ಹೆಚ್ಚಿನವರು ಗುಲಾಮರು. ಆ ಕೆಲಸ ಎಂಥದ್ದೆಂದು ತಿಳಿಯಬೇಕಾದರೆ ಟ್ರಾಜನ್ ಚಕ್ರವರ್ತಿಯ ಒಂದು ಕಾಗದ ನೋಡಬೇಕು. ಕ್ರಿ.ಶ. 110ರ ಆಸುಪಾಸು. ಈಗಿನ ತುರ್ಕಿ ದೇಶದ ಕಡೆ ರಾಜ್ಯಪಾಲನಾಗಿದ್ದ ಪ್ಲಿನಿ ಎಂಬವನು ಅವನಿಗೆ ಬರೆದು ಕೇಳಿದ. ಶಿಕ್ಷೆಯಾಗಿದ್ದ ಕೈದಿಗಳು ಹೇಗೋ ನಗರದ ನೌಕರಿಯಲ್ಲಿ ಸೇರಿಕೊಂಡಿದ್ದಾರೆ, ಕೆಲವರಿಗೆ ವಯಸ್ಸಾಗಿದೆ, ಏನು ಮಾಡಲಿ ಎಂದು. ಟ್ರಾಜನ್ ಕೊಟ್ಟ ಉತ್ತರ ಹೀಗಿತ್ತು: ಮುದುಕರಾದವರನ್ನು ಶಿಕ್ಷೆಗೆ ಹತ್ತಿರವಾದಂಥ ಕೆಲಸಗಳಿಗೆ ಹಾಕು, ಸ್ನಾನಗೃಹದ ಕೆಲಸ, ಚರಂಡಿ ಬಳಿಯುವುದು, ರಸ್ತೆ ರಿಪೇರಿ ಇಂಥವಕ್ಕೆ. ಸೋದರಿಯರೇ, ಈ ಸಾಲನ್ನು ಓದಿದ ಮೇಲೆ ಆ ಗುಮ್ಮಟದ ಚಿತ್ರವನ್ನು ಮೊದಲಿನ ಕಣ್ಣಿನಿಂದ ನೋಡಲಾಗುವುದಿಲ್ಲ. ನೀರು ಕಾಯಿಸುವ ಕೆಲಸ ಚರಂಡಿ ಬಳಿಯುವ ಕೆಲಸದ ಪಕ್ಕದಲ್ಲೇ ಕೂತಿದೆ.

ಇದೇ ಪ್ಲಿನಿ ಇನ್ನೊಂದು ಭಯಂಕರ ಘಟನೆಯನ್ನೂ ಬರೆದಿದ್ದಾನೆ. ಲಾರ್ಸಿಯಸ್ ಮೇಸಿಡೊ ಎಂಬ ಸಾಹುಕಾರ ಗುಲಾಮರನ್ನು ಬಲು ಕ್ರೂರವಾಗಿ ನಡೆಸಿಕೊಳ್ಳುತ್ತಿದ್ದ. ಅವನ ತಂದೆಯೇ ಒಂದು ಕಾಲಕ್ಕೆ ಗುಲಾಮನಾಗಿದ್ದವನು! ಒಂದು ದಿನ ತನ್ನ ಮನೆಯ ಸ್ನಾನಗೃಹದಲ್ಲಿದ್ದಾಗ ಗುಲಾಮರೇ ಸುತ್ತುವರಿದು ಹೊಡೆದರು. ಸತ್ತನೋ ಇಲ್ಲವೋ ನೋಡೋಣವೆಂದು ಕಾದ ನೆಲದ ಮೇಲೆ ಎಸೆದರು. ಅವನು ಮಿಸುಕಾಡದೆ ಬಿದ್ದುಕೊಂಡು ಆಗಿನ ಮಟ್ಟಿಗೆ ಉಳಿದುಕೊಂಡ. ಕೆಲವೇ ದಿನಗಳಲ್ಲಿ ಸತ್ತ. ಅಷ್ಟರೊಳಗೆ ಸಿಕ್ಕಿಬಿದ್ದ ಗುಲಾಮರಿಗೆ ಮರಣದಂಡನೆ ಆಗಿತ್ತು.

ಹೆಂಗಸರ ಸರದಿ

ಹೆಂಗಸರು ಮೀಯುತ್ತಿದ್ದರೇ? ಖಂಡಿತ. ವೆಸೂವಿಯಸ್ ಪರ್ವತ ಉಗುಳಿದ ಬೂದಿಯಲ್ಲಿ ಕ್ರಿ.ಶ. 79ರಲ್ಲಿ ಹೂತುಹೋದ ಪೊಂಪೈ ಪಟ್ಟಣವನ್ನು ಅಗೆದಾಗ, ಗಂಡಸರಿಗೊಂದು ಹೆಂಗಸರಿಗೊಂದು ಭಾಗವಿದ್ದ ಸ್ನಾನಗೃಹಗಳು ಸಿಕ್ಕಿದವು. ಬಾಗಿಲು ಬೇರೆ, ಕೋಣೆಗಳು ಬೇರೆ. ಹೆಂಗಸರ ಭಾಗ ಚಿಕ್ಕದು, ಅಲಂಕಾರವೂ ಕಡಿಮೆ. ಕೇಳಿ ಆಶ್ಚರ್ಯವಾಗಲಿಲ್ಲ ಅನ್ನಿ! ಗಂಡಸರ ಭಾಗದಲ್ಲಿ ಮಾತ್ರ ದೊಡ್ಡಸ್ತಿಕೆಗೆ ಕೊರತೆಯಿಲ್ಲ. ಅಲ್ಲಿನ ಒಂದು ಕಲ್ಲಿನ ನೀರ ತೊಟ್ಟಿಯ ಅಂಚಿನಲ್ಲಿ, ಯಾವ ಅಧಿಕಾರಿಗಳ ಕಾಲದಲ್ಲಿ ಮಾಡಿಸಿದ್ದು, ಎಷ್ಟು ಖರ್ಚಾಯಿತು ಎಂದು ಲೋಹದ ಅಕ್ಷರಗಳಲ್ಲಿ ಕೂರಿಸಿದ್ದಾರೆ. ಅಲ್ಲೇ ಇರುವ ಕಂಚಿನ ಅಗ್ಗಿಷ್ಟಿಕೆಯನ್ನು ದಾನ ಮಾಡಿದವನು ನಿಜಿಡಿಯಸ್ ವಕ್ಕುಲಾ. ವಕ್ಕುಲಾ ಅಂದರೆ ಚಿಕ್ಕ ಹಸು. ಅದಕ್ಕೇ ತನ್ನ ಹೆಸರಿನ ಜೊತೆಗೆ ಒಂದು ಹಸುವಿನ ಬೊಂಬೆಯನ್ನೂ ಕೂರಿಸಿಬಿಟ್ಟಿದ್ದಾನೆ. ಮದುವೆಗೆ ಕೊಡುವ ಸ್ಟೀಲ್ ಪಾತ್ರೆಯ ಮೇಲೆ ಹೆಸರು ಕೊರೆಸುವ ನಮ್ಮವರು ಬೆಲೆಯನ್ನಾದರೂ ಬರೆಸುವುದಿಲ್ಲವಲ್ಲ.

ಎರಡು ಭಾಗ ಕಟ್ಟಲು ಅನುಕೂಲವಿಲ್ಲದ ಕಡೆ ಹೊತ್ತು ಹಂಚಿಕೊಳ್ಳುತ್ತಿದ್ದರು. ಕೆಲವು ಕಡೆ ಗಂಡಸರು ಹೆಂಗಸರು ಒಟ್ಟಿಗೇ ಮೀಯುವುದೂ ಇತ್ತು. ಹೇಡ್ರಿಯನ್ ಅದನ್ನು ತಪ್ಪಿಸಿ ಬೇರೆ ಬೇರೆ ಮಾಡಿದನೆಂದು ಅವನ ಚರಿತ್ರೆಯಲ್ಲಿದೆ.

ಈ ವಿಷಯದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಸಾಕ್ಷಿ ಸಿಕ್ಕಿದ್ದು ರೋಮಿನಲ್ಲಲ್ಲ, ಪೋರ್ಚುಗಲ್ ದೇಶದ ಅಲ್ಜುಸ್ತ್ರೆಲ್ ಎಂಬ ಗಣಿಯ ಊರಿನಲ್ಲಿ. ರೋಮನ್ನರ ಕಾಲದಲ್ಲಿ ಅದರ ಹೆಸರು ವಿಪಾಸ್ಕ. 1876ರಲ್ಲಿ ಅಲ್ಲಿ ಒಂದು ಕಂಚಿನ ಹಲಗೆ ದೊರೆಯಿತು. ಎರಡನೆಯ ಶತಮಾನದ ಆ ಹಲಗೆಯಲ್ಲಿ ಊರಿನ ಗುತ್ತಿಗೆಗಳ ಕರಾರು ಕೊರೆದಿದೆ, ಸ್ನಾನಗೃಹದ್ದೂ ಸೇರಿ. ಸ್ನಾನಗೃಹದ ಗುತ್ತಿಗೆದಾರ ದಿನವೂ ನೀರು ಕಾಯಿಸಬೇಕು. ಬೆಳಗಾದಾಗಿನಿಂದ ಹಗಲಿನ ಏಳನೆಯ ತಾಸಿನವರೆಗೆ, ಅಂದರೆ ಮಧ್ಯಾಹ್ನ ಸ್ವಲ್ಪ ತಿರುಗುವವರೆಗೆ ಹೆಂಗಸರಿಗೆ. ಎಂಟನೆಯ ತಾಸಿನಿಂದ ರಾತ್ರಿಯ ಎರಡನೆಯ ತಾಸಿನವರೆಗೆ ಗಂಡಸರಿಗೆ. ನೋಡಿದಿರಾ, ಹೆಂಗಸರ ಸರದಿ ಮೊದಲು! ಕೊನೆಗುಳಿದ ನೀರಿನ ಗತಿ ಅವರಿಗಿಲ್ಲ. ಆದರೆ ಮುಂದಿನ ಸಾಲು ಓದಿ. ಗಂಡಸರಿಗೆ ದರ ಅರ್ಧ ಆಸ್. ಹೆಂಗಸರಿಗೆ ಒಂದು ಆಸ್. ಸರಿಯಾಗಿ ಎರಡರಷ್ಟು.

ಯಾಕೆ? ಹಲಗೆಯಲ್ಲಿ ಕಾರಣ ಬರೆದಿಲ್ಲ. ಗಣಿಯ ಊರು, ಹೆಂಗಸರ ಸಂಖ್ಯೆ ಕಡಿಮೆಯಿದ್ದಿರಬಹುದು. ನಾಲ್ಕು ಜನ ಬಂದರೂ ನಲವತ್ತು ಜನ ಬಂದರೂ ಒಲೆಗೆ ಅಷ್ಟೇ ಸೌದೆ ಬೇಕಲ್ಲ, ಗುತ್ತಿಗೆದಾರನಿಗೆ ಗಿಟ್ಟಬೇಕಲ್ಲ ಎಂದು ವಾದ ಮಾಡಬಹುದು. ನನಗೇನೋ ಆ ವಾದ ಅಷ್ಟಾಗಿ ಒಪ್ಪಿಗೆಯಾಗದು. ಯಾಕೆಂದರೆ ಅದೇ ಹಲಗೆಯಲ್ಲಿ ಸಿಪಾಯಿಗಳಿಗೂ, ಗಣಿಯ ಅಧಿಕಾರಿಯ ಆಳುಗಳಿಗೂ, ಮಕ್ಕಳಿಗೂ ಪುಕ್ಕಟೆ ಎಂದಿದೆ. ಅಧಿಕಾರಿಯ ಕಡೆಯವರಿಗೆ ಬಿಟ್ಟಿ, ಹೆಂಗಸರಿಗೆ ದುಪ್ಪಟ್ಟು. ಮಕ್ಕಳಿಗೆ ಪುಕ್ಕಟೆ ಮಾಡಿದ್ದಕ್ಕಾದರೂ ಮೆಚ್ಚೋಣ, ಆ ಮಕ್ಕಳನ್ನು ಮೀಯಿಸುವ ಕೈಗೆ ದುಪ್ಪಟ್ಟು ದರವಾದರೂ!

ಹಾಗೆಂದು ಗುತ್ತಿಗೆದಾರನನ್ನೂ ಸುಮ್ಮನೆ ಬಿಟ್ಟಿಲ್ಲ. ಮೂವತ್ತು ದಿನಕ್ಕೊಮ್ಮೆ ಕಂಚಿನ ಹಂಡೆಗಳನ್ನು ತೊಳೆದು, ತಿಕ್ಕಿ, ಹೊಸ ಕೊಬ್ಬು ಸವರಿಡಬೇಕು. ಹೆಂಗಸರ ಸರದಿಯಲ್ಲೂ ಗಂಡಸರ ಸರದಿಯಲ್ಲೂ ತೊಟ್ಟಿಯಲ್ಲಿ ಗುರುತಿನವರೆಗೆ ನೀರು ಹರಿಯುತ್ತಿರಬೇಕು. ಒಲೆಗೆಂದು ತಂದ ಸೌದೆಯನ್ನು ಮಾರಿಕೊಳ್ಳುವ ಹಾಗಿಲ್ಲ. ಉರಿಗೆ ಬಾರದ ಕಡ್ಡಿಕಸ ಬೇಕಾದರೆ ಮಾರಲಿ. ತಪ್ಪಿದರೆ ದಂಡ. ಈ ಕರಾರು ಬರೆದವನಿಗೆ ಸೌದೆ ಹೇಗೆ ಸೋರಿಹೋಗುತ್ತದೆ ಎನ್ನುವುದು ಚೆನ್ನಾಗಿ ಗೊತ್ತಿತ್ತು.

ದುಡ್ಡು ಕೊಟ್ಟು ಮೀಯುವ ಹೆಂಗಸರಷ್ಟೇ ಅಲ್ಲ, ದುಡ್ಡು ಎಣಿಸಿಕೊಳ್ಳುವ ಹೆಂಗಸೂ ಇದ್ದಳು. ಪೊಂಪೈಯ ಜೂಲಿಯಾ ಫೆಲಿಕ್ಸ್. ಕ್ರಿ.ಶ. 62ರ ಭೂಕಂಪದಲ್ಲಿ ಊರಿನ ಸ್ನಾನಗೃಹಗಳು ಹಾಳಾಗಿದ್ದವು. ಆಮೇಲಿನ ದಿನಗಳಲ್ಲಿ ಈಕೆ ತನ್ನ ದೊಡ್ಡ ಮನೆಯ ಹೊರಗೆ ಬಾಡಿಗೆಯ ಬೋರ್ಡು ಬರೆಸಿದಳು. ಗಣ್ಯರಿಗೆ ತಕ್ಕ ಸ್ನಾನಗೃಹ, ಅಂಗಡಿ ಮಳಿಗೆಗಳು, ಮಹಡಿಯ ಮನೆಗಳು, ಐದು ವರ್ಷದ ಅವಧಿಗೆ. ಹೆಸರು ತನ್ನದೇ, ಅಪ್ಪನ ಹೆಸರುಂಟು, ಗಂಡನ ಮಾತೇ ಇಲ್ಲ. ಅದನ್ನು ಪೊಂಪೈಯಲ್ಲಿ ಮೊದಲು ಅಗೆದು ನೋಡಿದ್ದು 1755ರಲ್ಲಿ. ಸ್ನಾನದ ಕೋಣೆಗಳು, ಎದುರಿಗೆ ತಿಂಡಿಯಂಗಡಿ, ತಂಪಾದ ತೋಟ, ಎಲ್ಲ ಆ ಆವರಣದಲ್ಲಿವೆ. ಬುದ್ಧಿವಂತೆ.

ಇನ್ನು ಚರಂಡಿಗಳ ಮಾತು. ಇಂಗ್ಲೆಂಡಿನ ಕಾರ್ಲೈಲ್ ಊರಿನಲ್ಲಿ ರೋಮನ್ ಸ್ನಾನಗೃಹದ ಮೋರಿ ಅಗೆದಾಗ ಸಿಕ್ಕ ಕೆತ್ತನೆಯ ಹರಳುಗಳ ಸುದ್ದಿ 2023ರಲ್ಲಿ ಹೊರಬಿತ್ತು. ಉಂಗುರಕ್ಕೆ ಅಂಟಿನಿಂದ ಕೂರಿಸಿದ ಹರಳು ಬಿಸಿನೀರಿನ ಹಬೆಗೆ ಸಡಿಲವಾಗಿ, ಗೊತ್ತಾಗದ ಹಾಗೆ ಜಾರಿ ಮೋರಿ ಸೇರಿದ್ದು. ಜೊತೆಗೆ ಹೆಂಗಸರ ಕೂದಲಿನ ಪಿನ್ನುಗಳು, ಸರದ ಗಾಜಿನ ಮಣಿಗಳು. ವೇಲ್ಸಿನ ಕಾರ್ಲಿಯನ್ ಎಂಬಲ್ಲಿ ಸೈನ್ಯದ ಸ್ನಾನಗೃಹದ ಮೋರಿಯಲ್ಲಿ 80ಕ್ಕೂ ಹೆಚ್ಚು ಹರಳು ಸಿಕ್ಕಿದ್ದವು. ಅಲ್ಲಿ ಇನ್ನೊಂದು ವಸ್ತುವೂ ಸಿಕ್ಕಿತು, ಮಕ್ಕಳ ಹಾಲುಹಲ್ಲು! ಬರೀ ಸಿಪಾಯಿಗಳ ಜಾಗವೆಂದು ಅಂದುಕೊಂಡಿದ್ದ ಕಡೆ ಯಾವುದೋ ಮಗುವಿನ ಅಲುಗಾಡುತ್ತಿದ್ದ ಹಲ್ಲು ನೀರಾಟದಲ್ಲಿ ಉದುರಿದೆ. ಮಗು ಇದ್ದಲ್ಲಿ ತಾಯಿಯೋ ದಾದಿಯೋ ಇರಲೇಬೇಕಲ್ಲ. ಉಂಗುರ ಬಿಚ್ಚಿಟ್ಟು ಸ್ನಾನಕ್ಕೆ ಹೋಗೆಂದು ಅವರಿಗೆ ಯಾರಾದರೂ ಹೇಳಬಾರದಿತ್ತೇ!

ನೀರು ಎಷ್ಟು ಶುದ್ಧ?

ಇಷ್ಟೆಲ್ಲ ಆದರೂ ಒಂದು ಮಾತು ಹೇಳದೆ ಮುಂದೆ ಹೋಗಬಾರದು. ಎಣ್ಣೆ ಹಚ್ಚಿದ ನೂರಾರು ಮೈಗಳು ಇಳಿಯುವ ಕೊಳದ ನೀರು ಹೇಗಿದ್ದೀತು? ಚಕ್ರವರ್ತಿಯಾಗಿದ್ದ ಮಾರ್ಕಸ್ ಔರೇಲಿಯಸ್ಸನೇ ಸ್ನಾನವೆಂದರೆ ಎಣ್ಣೆ, ಬೆವರು, ಕೊಳೆ, ಜಿಡ್ಡುನೀರು ಎಂದು ಮುಖ ಸಿಂಡರಿಸಿದ್ದಾನೆ. ವೈದ್ಯದ ಗ್ರಂಥ ಬರೆದ ಸೆಲ್ಸಸ್, ಹಸಿ ಗಾಯವಿರುವವರು ಸ್ನಾನಗೃಹಕ್ಕೆ ಹೋಗಬಾರದು, ಹೋದರೆ ಗಾಯ ಕೊಳೆಯುತ್ತದೆ ಎಂದು ಎಚ್ಚರಿಸಿದ್ದಾನೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸ್ನಾನಗೃಹ, ಕಕ್ಕಸು, ಕಾಲುವೆ ಇಷ್ಟೆಲ್ಲ ಇದ್ದರೂ ರೋಮನ್ನರ ಕಾಲದಲ್ಲಿ ಹೊಟ್ಟೆಹುಳುವಿನ ಕಾಟ ಕಡಿಮೆಯಾಗಿರಲಿಲ್ಲ. ಹೇನು, ಚಿಗಟವೂ ಅಷ್ಟೇ. ಹತ್ತಾರು ಜನ ಇಳಿಯುವ ನೀರಿಗಿಂತ ಒಬ್ಬರ ಮೈಮೇಲೆ ಸುರಿದು ಮೋರಿಗೆ ಹೋಗುವ ಎರಡು ತಂಬಿಗೆ ನೀರು ಮೇಲು ಎಂಬ ನಮ್ಮ ಹಿರಿಯರ ನಂಬಿಕೆ ಸುಳ್ಳಲ್ಲ.

ಕಳ್ಳತನದ ಕಾಟ ಬೇರೆ. ಗೂಡಿನಲ್ಲಿಟ್ಟ ಬಟ್ಟೆ ಕಾಯಲು ಆಳಿಲ್ಲದವರು ದೇವರಿಗೇ ಮೊರೆಯಿಡಬೇಕು. ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ದಿನಕ್ಕೆ 10 ಲಕ್ಷ ಲೀಟರಿಗೂ ಹೆಚ್ಚು ಬಿಸಿನೀರು ಉಕ್ಕುವ ಬುಗ್ಗೆಯಿದೆ. ರೋಮನ್ನರು ಅಲ್ಲಿ ಸೂಲಿಸ್ ಮಿನರ್ವ ದೇವಿಗೆ ಗುಡಿ ಕಟ್ಟಿ ಪಕ್ಕದಲ್ಲೇ ಸ್ನಾನಗೃಹ ಕಟ್ಟಿದರು. ಆ ಬುಗ್ಗೆಯ ತಳದಲ್ಲಿ ಸುಮಾರು 130 ತಗಡುಗಳು ಸಿಕ್ಕಿವೆ, ಹೆಚ್ಚಿನವು ಸೀಸದವು. ಎಲ್ಲ ಶಾಪದ ಚೀಟಿಗಳು! ಡೋಸಿಲಿಯಾನಸ್ ಎಂಬವನ ತಲೆಮುಸುಕಿನ ಮೇಲಂಗಿ ಕಳುವಾಗಿದೆ. ಕದ್ದವನು ಗಂಡಾಗಲಿ ಹೆಣ್ಣಾಗಲಿ ಅವರಿಗೆ ಕಣ್ಣಿಗೆ ನಿದ್ದೆ ಹತ್ತದಿರಲಿ, ಮಕ್ಕಳಾಗದಿರಲಿ, ಅಂಗಿ ತಂದು ಗುಡಿಗೆ ಒಪ್ಪಿಸುವವರೆಗೆ ಎಂದು ಬರೆಸಿ ಹಾಕಿದ್ದಾನೆ. ಒಂದು ಅಂಗಿಗೆ ಇಷ್ಟು ದೊಡ್ಡ ಶಾಪ! ಬಡವನ ಒಂದೇ ಅಂಗಿಯಾಗಿದ್ದರೆ ಬೇರೆ ಏನು ತಾನೇ ಬರೆಸಿಯಾನು. ಅಂಥ ಅಂಗಿಯ ಹೆಸರೇ ‘ಕ್ಯಾರಕಲ್ಲಾ’. ಅದನ್ನು ಸದಾ ತೊಡುತ್ತಿದ್ದುದರಿಂದ ನಮ್ಮ ಚಕ್ರವರ್ತಿಗೆ ಆ ಅಡ್ಡಹೆಸರು ಬಂದದ್ದು.

ಕ್ಯಾರಕಲ್ಲಾನ ಸ್ನಾನಗೃಹ ಮುನ್ನೂರು ವರ್ಷಗಳ ಮೇಲೆ ನಡೆಯಿತು. ಕ್ರಿ.ಶ. 537ರಲ್ಲಿ ಗಾಥ್ ಜನರ ದೊರೆ ವಿಟಿಜಿಸ್ ರೋಮಿಗೆ ಮುತ್ತಿಗೆ ಹಾಕಿ ನೀರಿನ ಕಾಲುವೆಗಳನ್ನು ಒಡೆಸಿದ. ನೀರು ನಿಂತಿತು, ಒಲೆಗಳೂ ಆರಿದವು. ಆಮೇಲೆ ಹೊತ್ತವರಿಗೆ ಹೊತ್ತಷ್ಟು. ಒಂದು ಗ್ರಾನೈಟ್ ಕಂಬ ಫ್ಲಾರೆನ್ಸ್ ನಗರದ ಚೌಕ ಸೇರಿತು. ಎರಡು ಕಲ್ಲಿನ ಸ್ನಾನದ ತೊಟ್ಟಿಗಳು ರೋಮಿನ ಫರ್ನೇಸೆ ಚೌಕದಲ್ಲಿ ಕಾರಂಜಿಗಳಾಗಿ ನಿಂತಿವೆ. ಡಯೋಕ್ಲೀಷನ್ ಚಕ್ರವರ್ತಿಯ ಇನ್ನೂ ದೊಡ್ಡ ಸ್ನಾನಗೃಹದ ತಣ್ಣೀರಿನ ಕೋಣೆಯನ್ನು 1560ರ ದಶಕದಲ್ಲಿ ಶಿಲ್ಪಿ ಮೈಕೆಲೆಂಜಲೊ ಚರ್ಚಾಗಿ ಮಾರ್ಪಡಿಸಿದ. ಕ್ಯಾರಕಲ್ಲಾನ ಹಾಳುಗೋಡೆಗಳ ಮುಂದೆ 1937ರಿಂದ ಬೇಸಗೆಯ ರಾತ್ರಿಗಳಲ್ಲಿ ಸಂಗೀತ ನಾಟಕಗಳು ನಡೆಯುತ್ತಾ ಬಂದಿವೆ.

ಬಾತ್ ಪಟ್ಟಣದ ಹಳೆಯ ಕೊಳದಲ್ಲಿ ರೋಮನ್ನರು ಹಾಸಿದ ಸೀಸದ ತಗಡು ಇನ್ನೂ ನೀರು ಹಿಡಿದು ನಿಲ್ಲಿಸಿದೆ. ಆದರೆ ನೀರಿನಲ್ಲಿ ಪ್ರಾಣಕ್ಕೆ ಅಪಾಯ ತರುವ ಸೂಕ್ಷ್ಮಜೀವಿ ಕಂಡುಬಂದ ಮೇಲೆ 1978ರಿಂದ ಅಲ್ಲಿ ಮೀಯುವುದು ನಿಂತಿತು, ನೋಡಿ ಬರಬಹುದಷ್ಟೇ. ಈಗಲೂ ಜನ ಮೀಯುವ ರೋಮನ್ ಸ್ನಾನಗೃಹವೊಂದು ಅಲ್ಜೀರಿಯದ ಖೆಂಚೆಲಾ ಊರಿನ ಬಳಿ ಇದೆ. ಹಮ್ಮಾಮ್ ಎಸ್ಸಾಲಿಹೀನ್ ಎಂದು ಹೆಸರು. ಒಂದು ದುಂಡು ಕೊಳ, ಒಂದು ಚೌಕದ ಕೊಳ, ಸುತ್ತ ಹಳೆಯ ಕಲ್ಲುಕಟ್ಟಡ. ಸುತ್ತಲಿನ ಊರಿನವರು ಮೈಕೈ ನೋವಿಗೆಂದು ಬಂದು ಇಳಿಯುತ್ತಾರೆ. ನೀರು ಭೂಮಿಯೊಳಗಿಂದಲೇ ಸುಡುಸುಡು ಬರುವುದರಿಂದ ಅಲ್ಲಿ ಒಲೆಯಿಲ್ಲ, ಸೌದೆ ಹೊರುವವರೂ ಇಲ್ಲ.